ಇಪ್ಪತ್ನಾಲ್ಕು ಸ್ಥಾನಗಳ ಏಣಿ: ಗಣಿತಜ್ಞ ಮಹಾವೀರಾಚಾರ್ಯರು

ಎಂಟನೆಯ ತರಗತಿಯ ಘಾತಾಂಕಗಳ ಘಟಕವನ್ನು ಕಲಿಸುವಾಗ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಭೂಮಿಯಿಂದ ಸೂರ್ಯನಿಗಿರುವ ದೂರದಿಂದಲೋ ಬೆಳಕಿನ ವೇಗದಿಂದಲೋ ಪಾಠ ಆರಂಭಿಸುತ್ತೇವೆ. ಹೊಳೆಮಣ್ಣೂರಿನಲ್ಲಿ ನನ್ನ ಬೋಧನಾಭ್ಯಾಸದ ಅವಧಿಗೆ ಪಾಠ ಯೋಜನೆ ಸಿದ್ಧಪಡಿಸುವಾಗ ನಾನು ಒಬ್ಬ ಮನುಷ್ಯರಿಂದ ಆರಂಭಿಸಲು ತೀರ್ಮಾನಿಸಿದೆ. ಅವರು ಮಹಾವೀರಾಚಾರ್ಯರು. ಒಂಬತ್ತನೆಯ ಶತಮಾನದಲ್ಲಿ, ಕನ್ನಡ ನಾಡನ್ನು ಆಳುತ್ತಿದ್ದ ರಾಷ್ಟ್ರಕೂಟರ ಕಾಲದಲ್ಲಿ ಬಾಳಿದ ಜೈನ ಗಣಿತಜ್ಞರು. ಒಂದರಿಂದ ಹಿಡಿದು, ಒಂದರ ಮುಂದೆ 23 ಸೊನ್ನೆ ಬರುವ ಸಂಖ್ಯೆಯವರೆಗೆ ಪ್ರತಿಯೊಂದು ಸ್ಥಾನಕ್ಕೂ ಹೆಸರು ಕೊಟ್ಟವರು. ತೀರ್ಥಂಕರ ವರ್ಧಮಾನ ಮಹಾವೀರರು ಬೇರೆ, ಇವರು ಬೇರೆ ಎಂಬುದನ್ನು ತರಗತಿಯಲ್ಲಿ ಮೊದಲೇ ಸ್ಪಷ್ಟಪಡಿಸಬೇಕು. ಇಬ್ಬರ ನಡುವೆ ಸಾವಿರದ ಮುನ್ನೂರು ವರ್ಷಗಳಿಗೂ ಹೆಚ್ಚಿನ ಅಂತರವಿದೆ.

ಕಾಲ ಮತ್ತು ನಾಡು

ಮಹಾವೀರಾಚಾರ್ಯರು ತಮ್ಮ ಬಗ್ಗೆ ಬರೆದುಕೊಂಡವರಲ್ಲ. ಅವರ ಕಾಲ ನಮಗೆ ತಿಳಿಯುವುದು ಅವರು ಹೊಗಳಿದ ದೊರೆಯಿಂದ. ಗಣಿತಸಾರಸಂಗ್ರಹ ಎಂಬ ತಮ್ಮ ಗ್ರಂಥದ ಆರಂಭದಲ್ಲಿ ಅವರು ಜಿನನಿಗೆ ನಮಿಸಿ, ಬಳಿಕ ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಕೊಂಡಾಡುತ್ತಾರೆ. ನೃಪತುಂಗ 814ರಿಂದ 878ರವರೆಗೆ, ಅಂದರೆ 64 ವರ್ಷ ಆಳಿದ ದೊರೆ. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡ. ಗಣಿತಸಾರಸಂಗ್ರಹ ರಚನೆಯಾದದ್ದು 850ರ ಸುಮಾರಿಗೆ ಎಂದು ವಿದ್ವಾಂಸರು ಹೇಳುತ್ತಾರೆ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದೂ ಇದೇ ಆಸ್ಥಾನದಲ್ಲಿ. ಆ ಗ್ರಂಥ ತಿರುಳ್ಗನ್ನಡದ ಸೀಮೆಯನ್ನು ಗುರುತಿಸಲು ಹೇಳುವ ನಾಲ್ಕು ಊರುಗಳಲ್ಲಿ ಪುಲಿಗೆರೆ ಈಗ ನಮ್ಮ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಹೊಳೆಮಣ್ಣೂರನ್ನು ಹಾದುಹೋಗುವ ಇದೇ ಮಲಪ್ರಭೆಯ ದಂಡೆಯ ಮೇಲಿದೆ. ನಮ್ಮ ಜಿಲ್ಲೆಯದೇ ಆದ ನೀಲಗುಂದದಲ್ಲಿ ಅಮೋಘವರ್ಷನ 866ರ ಶಾಸನವೊಂದು ಸಿಕ್ಕಿದೆ. ಹೀಗಾಗಿ ಈ ಗಣಿತಜ್ಞರ ದೊರೆಯ ಆಳ್ವಿಕೆ ನಮ್ಮ ಭಾಗದ ಊರುಗಳ ಮೇಲೂ ಇತ್ತು ಎಂದು ಮಕ್ಕಳಿಗೆ ಧೈರ್ಯವಾಗಿ ಹೇಳಬಹುದು.

ಆ ಕಾಲದ ಜನರಿಗೆ ದೊಡ್ಡ ಸಂಖ್ಯೆಗಳು ಹೇಗೆ ಪರಿಚಯವಾಗುತ್ತಿದ್ದವು? ಶಾಸನಗಳಲ್ಲಿ ನಾಡುಗಳ ಹೆಸರಿನ ಜೊತೆಗೇ ಸಂಖ್ಯೆಗಳಿವೆ. ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70. ಗಜೇಂದ್ರಗಡದ ಹತ್ತಿರದ ಸೂಡಿ, ಮುಂದೆ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಊರಾಗಿತ್ತು. ದಕ್ಷಿಣಕ್ಕೆ ಹೋದರೆ ಬನವಾಸಿ 12000, ಗಂಗವಾಡಿ 96000. ಇನ್ನು ರಾಷ್ಟ್ರಕೂಟರ ಇಡೀ ಸೀಮೆಗೆ ರಟ್ಟಪಾಡಿ ಏಳೂವರೆ ಲಕ್ಷ ಎಂದೇ ಹೆಸರು. ಎಪ್ಪತ್ತು, ಮುನ್ನೂರು ಎಂಬವು ಹಳ್ಳಿಗಳ ಎಣಿಕೆ ಎಂದು ಒಪ್ಪಬಹುದು. ಆದರೆ ಏಳೂವರೆ ಲಕ್ಷ ಹಳ್ಳಿ ಎಂದರೆ ಯಾರೂ ನಂಬುವುದಿಲ್ಲ. ಇಂದಿನ ಭಾರತದಲ್ಲಿಯೇ 2011ರ ಜನಗಣತಿಯ ಪ್ರಕಾರ ಇರುವ ಹಳ್ಳಿಗಳು ಸುಮಾರು 6.4 ಲಕ್ಷ. ಸಂಖ್ಯೆ ಚಿಕ್ಕದಿರುವವರೆಗೆ ಅದು ಎಣಿಕೆಯಾಗಿರುತ್ತದೆ. ಬೆಳೆಯುತ್ತಾ ಹೋದಂತೆ ಅದು ಹಿರಿಮೆಯ ಮಾತಾಗಿಬಿಡುತ್ತದೆ. ಇಂದಿಗೂ ನಾವು ಕೋಟಿ ಕೋಟಿ ನಮನ ಎನ್ನುವಾಗ ಯಾರೂ ಎಣಿಸಿರುವುದಿಲ್ಲ. ಮಹಾವೀರಾಚಾರ್ಯರ ಕೆಲಸದ ಮಹತ್ವ ಅರ್ಥವಾಗಬೇಕಾದರೆ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹಿರಿಮೆಯ ಮಾತುಗಳಾಗಿ ಹೋಗಬಹುದಾದ ಹೆಸರುಗಳನ್ನು ಅವರು ಎಣಿಕೆಯೊಳಗೆ ಕಟ್ಟಿಹಾಕಿದರು.

ಅವರು ಬೆಳೆದ ಪರಂಪರೆ

ಜೈನ ಆಚಾರ್ಯರಿಗೆ ದೊಡ್ಡ ಸಂಖ್ಯೆಗಳ ಗೀಳು ಮೊದಲಿನಿಂದಲೂ ಇತ್ತು. ಲೋಕದ ವಿಸ್ತಾರ, ಕಾಲದ ಉದ್ದ, ಜೀವಗಳ ಎಣಿಕೆ ಇವೆಲ್ಲವನ್ನೂ ಅವರು ಲೆಕ್ಕದಲ್ಲಿ ಹೇಳಲು ಬಯಸಿದರು. ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಎಣಿಸಬಹುದಾದ ಸಂಖ್ಯೆಯ ಕೊನೆ ಎಲ್ಲಿ ಎಂದು ತೋರಿಸಲು ಅವರು ಬಳಸಿದ ಉಪಾಯ ನಮ್ಮ ಹೊಲಮನೆಯ ಮಕ್ಕಳಿಗೆ ತಕ್ಷಣ ಹಿಡಿಸುತ್ತದೆ: ಒಂದು ಲಕ್ಷ ಯೋಜನ ಅಗಲದ ಜಂಬೂದ್ವೀಪದಷ್ಟು ದೊಡ್ಡ ಗುಂಡಿ ಮಾಡಿ ಅದರ ತುಂಬ ಬಿಳಿ ಸಾಸಿವೆ ತುಂಬುವುದು. ಕಾಲದ ಲೆಕ್ಕದಲ್ಲಿ ಶೀರ್ಷಪ್ರಹೇಲಿಕಾ ಎಂಬ ಒಂದು ಸಂಖ್ಯೆ ಬರುತ್ತದೆ. 84 ಲಕ್ಷವನ್ನು 28 ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಅದು ಸಿಗುತ್ತದೆ. ಅದರಲ್ಲಿ 194 ಅಂಕಿಗಳಿವೆ.

ಮಹಾವೀರಾಚಾರ್ಯರಿಗಿಂತ ಸ್ವಲ್ಪ ಹಿಂದಿನವರಾದ ವೀರಸೇನಾಚಾರ್ಯರು ತಮ್ಮ ಧವಲಾ ಟೀಕೆಯಲ್ಲಿ ಅರ್ಧಚ್ಛೇದ ಎಂಬ ಕಲ್ಪನೆಯನ್ನು ಬಳಸಿದ್ದಾರೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ ಎಂಬುದೇ ಅದರ ಅರ್ಧಚ್ಛೇದ. 32ರ ಅರ್ಧಚ್ಛೇದ 5, 1024ರದು 10. ಪದವಿಯಲ್ಲಿ ನಾವು ಕಲಿತ ಲಾಗರಿದಮ್ ಎಂಬ ಕಲ್ಪನೆಯ ಒಂದು ರೂಪ ಇದು. ಸಂಖ್ಯೆ ಎಷ್ಟೇ ದೊಡ್ಡದಿರಲಿ, ಅದನ್ನು ಹಿಡಿಯಲು ಎಷ್ಟು ಮೆಟ್ಟಿಲು ಬೇಕು ಎಂದು ಕೇಳಿದರೆ ಉತ್ತರ ಸಣ್ಣದಾಗಿರುತ್ತದೆ ಎಂಬ ತಿಳಿವಳಿಕೆ ಆ ಕಾಲದ ಈ ಆಚಾರ್ಯರಿಗೆ ಇತ್ತು.

ದೂರದ ಗ್ರೀಸಿನಲ್ಲಿ ಇನ್ನೂ ಹಿಂದೆ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ಆರ್ಕಿಮಿಡೀಸ್ ವಿಶ್ವವನ್ನು ಮರಳಿನಿಂದ ತುಂಬಿದರೆ ಎಷ್ಟು ಕಣ ಬೇಕು ಎಂದು ಲೆಕ್ಕ ಹಾಕಿದ್ದರು. ಗ್ರೀಕರಲ್ಲಿ ಹತ್ತು ಸಾವಿರಕ್ಕೆ ಮಿರಿಯಡ್ ಎಂಬ ಹೆಸರಿತ್ತು. ಅದಕ್ಕಿಂತ ಮೇಲಿನ ಸ್ಥಾನಗಳಿಗೆ ಬೇರೆ ಹೆಸರಿರಲಿಲ್ಲ. ಆದ್ದರಿಂದ ಅವರು ಮಿರಿಯಡ್‌ಗಳ ಮಿರಿಯಡ್ ಎಂದು ಗುಂಪಿನ ಮೇಲೆ ಗುಂಪು ಕಟ್ಟಬೇಕಾಯಿತು. ಅಲ್ಲಿ ಸಾಸಿವೆ ಬದಲು ಮರಳು. ತೊಡಕು ಎರಡೂ ಕಡೆ ಒಂದೇ.

ಗಣಿತಸಾರಸಂಗ್ರಹ

ಮಹಾವೀರಾಚಾರ್ಯರಿಗಿಂತ ಹಿಂದೆ ಆರ್ಯಭಟ, ಬ್ರಹ್ಮಗುಪ್ತ ಮೊದಲಾದವರು ಗಣಿತವನ್ನು ಖಗೋಳ ಗ್ರಂಥಗಳ ಒಳಗೆ ಒಂದೆರಡು ಅಧ್ಯಾಯಗಳಾಗಿ ಬರೆದಿದ್ದರು. ಮಹಾವೀರಾಚಾರ್ಯರು ಇಡೀ ಗ್ರಂಥವನ್ನೇ ಗಣಿತಕ್ಕೆ ಮೀಸಲಿಟ್ಟರು. ಸಂಸ್ಕೃತದಲ್ಲಿರುವ ಇದರಲ್ಲಿ ಒಂಬತ್ತು ಅಧ್ಯಾಯಗಳು, ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳಿವೆ. ಮೂಲಕ್ರಿಯೆಗಳು, ಭಿನ್ನರಾಶಿ, ತ್ರೈರಾಶಿಕ, ಬಡ್ಡಿಯ ಲೆಕ್ಕ, ಬಂಗಾರದ ಬೆರಕೆ, ಕ್ಷೇತ್ರಫಲ, ಹೊಂಡ ತೋಡುವ ಲೆಕ್ಕ, ನೆರಳಿನ ಲೆಕ್ಕ ಎಲ್ಲವೂ ಬರುತ್ತವೆ. ಇಂದಿನ ಪಠ್ಯಪುಸ್ತಕದಲ್ಲಿರುವಂತೆ ಮೊದಲು ನಿಯಮ, ಆಮೇಲೆ ಉದಾಹರಣೆ ಲೆಕ್ಕಗಳು. ಹಿಂದಿನ ಆಚಾರ್ಯರ ಅರಿವೆಂಬ ಸಮುದ್ರದಿಂದ ಸ್ವಲ್ಪವನ್ನಷ್ಟೇ ಆರಿಸಿ ತಂದಿದ್ದೇನೆ ಎಂಬ ಭಾವದಲ್ಲಿ ಅವರು ವಿನಯದಿಂದ ಹೇಳಿಕೊಳ್ಳುತ್ತಾರೆ. ಗಣಿತ ಎಲ್ಲೆಲ್ಲಿ ಬೇಕು ಎಂಬ ಪಟ್ಟಿಯಲ್ಲಿ ಸೂರ್ಯ ಚಂದ್ರರ ಗತಿಯ ಜೊತೆಗೆ ಸಂಗೀತ, ನಾಟಕ, ಛಂದಸ್ಸು, ವೈದ್ಯ, ಮನೆ ಕಟ್ಟುವ ವಿದ್ಯೆ, ಅಡುಗೆ ಕೂಡ ಇವೆ. ಗಣಿತ ಯಾಕ ಕಲಿಬೇಕು ಎಂದು ಮಕ್ಕಳು ಕೇಳುವ ಪ್ರಶ್ನೆಗೆ ಈ ಪಟ್ಟಿಯೇ ಒಂದು ಉತ್ತರ.

ಮೊದಲ ಅಧ್ಯಾಯದ ಹೆಸರು ಸಂಜ್ಞಾ. ಅದರಲ್ಲಿ ಅಳತೆಗಳ ಹೆಸರು, ಕ್ರಿಯೆಗಳ ಹೆಸರು, ಅಂಕಿಗಳಿಗೆ ಬಳಸುವ ಪದಗಳು, ಕೊನೆಗೆ ಸ್ಥಾನಗಳ ಹೆಸರುಗಳು ಬರುತ್ತವೆ. ಅಂಕಿಗಳನ್ನು ಪದಗಳಲ್ಲಿ ಹೇಳುವುದು ಆಗಿನ ಪದ್ಧತಿ. ಒಂದಕ್ಕೆ ಚಂದ್ರ, ಎರಡಕ್ಕೆ ಕಣ್ಣು, ಮೂರಕ್ಕೆ ಅಗ್ನಿ, ನಾಲ್ಕಕ್ಕೆ ಸಮುದ್ರ, ಐದಕ್ಕೆ ಬಾಣ, ಆರಕ್ಕೆ ಋತು, ಸೊನ್ನೆಗೆ ಆಕಾಶ. ದೊಡ್ಡ ಸಂಖ್ಯೆಯನ್ನು ಹೀಗೆ ಪದ್ಯದಲ್ಲಿ ಹೆಣೆದರೆ ನೆನಪಿನಲ್ಲಿ ಉಳಿಯುತ್ತದೆ, ಓಲೆಗರಿ ನಕಲು ಮಾಡುವವನು ಒಂದು ಅಂಕಿ ತಪ್ಪಿದರೂ ಛಂದಸ್ಸು ಕೆಟ್ಟು ತಪ್ಪು ಬಯಲಾಗುತ್ತದೆ.

ಏಣಿಯ ರಚನೆ

ಮಹಾವೀರಾಚಾರ್ಯರು ಕೊಟ್ಟ ಇಪ್ಪತ್ನಾಲ್ಕು ಸ್ಥಾನಗಳು ಇವು. ಪ್ರತಿಯೊಂದೂ ತನ್ನ ಹಿಂದಿನದರ ಹತ್ತರಷ್ಟು.

1ರಿಂದ 6: ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ
7ರಿಂದ 12: ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ
13ರಿಂದ 18: ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ
19ರಿಂದ 24: ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ

ಈ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ಸುಲಭ. ಮಕ್ಕಳು ಎರಡೇ ದಿನದಲ್ಲಿ ಹಾಡಿನಂತೆ ಒಪ್ಪಿಸುತ್ತಾರೆ. ಆದರೆ ಒಪ್ಪಿಸುವುದು ಬೇರೆ, ತಿಳಿಯುವುದು ಬೇರೆ. ನಾನು ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಇದರಲ್ಲಿ ನಿಜವಾಗಿ ಎಷ್ಟು ಹೊಸ ಪದಗಳಿವೆ ಎಂದು ಎಣಿಸಲು ಹೇಳಿದೆ. ಮೊದಲ ಹತ್ತು ಸ್ಥಾನಗಳಿಗೆ ಬೇಕಾದದ್ದು ಆರೇ ಪದ: ಏಕ, ದಶ, ಶತ, ಸಹಸ್ರ, ಲಕ್ಷ, ಕೋಟಿ. ಉಳಿದ ನಾಲ್ಕು ಇವುಗಳನ್ನೇ ಜೋಡಿಸಿ ಮಾಡಿದವು. ಆಮೇಲೆ ಅರ್ಬುದ, ನ್ಯರ್ಬುದ. ಅನಂತರದ ಹನ್ನೆರಡು ಸ್ಥಾನಗಳಿಗೆ ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ, ಕ್ಷೋಭ ಎಂಬ ಆರು ಪದಗಳು. ಪ್ರತಿಯೊಂದಕ್ಕೂ ಮಹಾ ಸೇರಿಸಿದರೆ ಅದರ ಹತ್ತರಷ್ಟು. ಒಟ್ಟು ಹದಿನಾಲ್ಕು ಪದ, ಜೊತೆಗೆ ಮಹಾ ಎಂಬ ಒಂದು ಮಾತು. ಅಷ್ಟರಲ್ಲಿ ಇಪ್ಪತ್ನಾಲ್ಕು ಸ್ಥಾನ ಮುಗಿಯಿತು.

ಇನ್ನೊಂದು ಸಂಗತಿ. ಹತ್ತು ಸಾವಿರಕ್ಕೆ ಅಯುತ, ಹತ್ತು ಲಕ್ಷಕ್ಕೆ ಪ್ರಯುತ ಎಂಬ ಸಂಸ್ಕೃತದ ಹಳೆಯ ಹೆಸರುಗಳು ಇದ್ದವು. ಮಹಾವೀರಾಚಾರ್ಯರ ಪಟ್ಟಿಯಲ್ಲಿ ಅವು ಇಲ್ಲ. ದಶಸಹಸ್ರ, ದಶಲಕ್ಷ ಎಂಬವು ಇವೆ. ಹತ್ತು ಸಾವಿರ, ಹತ್ತು ಲಕ್ಷ, ಹತ್ತು ಕೋಟಿ, ನೂರು ಕೋಟಿ ಎಂದು ನಾವು ಸಂತೆಯಲ್ಲಿ, ಬ್ಯಾಂಕಿನಲ್ಲಿ ಆಡುವ ಕ್ರಮವೇ ಅದು. ಪಟ್ಟಿಯ ಅರ್ಧ ಭಾಗ ಹೊಳೆಮಣ್ಣೂರಿನ ಮಕ್ಕಳಿಗೆ ಮೊದಲೇ ಗೊತ್ತಿತ್ತು ಎಂಬುದನ್ನು ಅವರೇ ಕಂಡುಕೊಂಡರು.

ಹೆಸರಿಗೆ ತನ್ನಷ್ಟಕ್ಕೆ ಬೆಲೆಯಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಕೊಡಬೇಕು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿಯೂ ಅರ್ಬುದ, ಖರ್ವ ಇವೆ. ಆದರೆ ಅಲ್ಲಿ ಅರ್ಬುದ ಒಂಬತ್ತನೆಯ ಸ್ಥಾನ, ಮಹಾವೀರಾಚಾರ್ಯರಲ್ಲಿ ಹನ್ನೊಂದನೆಯದು. ಖರ್ವ ಅಲ್ಲಿ ಹನ್ನೊಂದನೆಯದು, ಇಲ್ಲಿ ಹದಿಮೂರನೆಯದು. ಇಂಗ್ಲಿಷಿನ ಬಿಲಿಯನ್ ಕೂಡ ಬ್ರಿಟನ್ನಿನಲ್ಲಿ ಮೊದಲು ಲಕ್ಷ ಕೋಟಿಯಾಗಿತ್ತು, 1974ರಲ್ಲಿ ಅಲ್ಲಿನ ಸರಕಾರ ಅಮೆರಿಕದ ಕ್ರಮಕ್ಕೆ ಬಂದ ಮೇಲೆ ನೂರು ಕೋಟಿಯಾಯಿತು. ಹೆಸರು ಊರಿಂದ ಊರಿಗೆ, ಕಾಲದಿಂದ ಕಾಲಕ್ಕೆ ಸರಿಯುತ್ತದೆ. ಎಷ್ಟನೆಯ ಸ್ಥಾನ ಎಂಬುದು ಮಾತ್ರ ಸರಿಯುವುದಿಲ್ಲ. ಇಂದು ನಾವು 10ರ 23ನೆಯ ಘಾತ ಎಂದು ಬರೆಯುವುದು ಆ ಸ್ಥಾನವನ್ನೇ. ಮಕ್ಕಳು ಗೊಂದಲಗೊಳ್ಳುವುದು ಒಂದು ಕಡೆ: ಮಹಾಕ್ಷೋಭ ಇಪ್ಪತ್ನಾಲ್ಕನೆಯ ಸ್ಥಾನ, ಅದರ ಘಾತಾಂಕ 23. ಏಕ ಎಂಬ ಮೊದಲ ಸ್ಥಾನದಲ್ಲಿ ಸೊನ್ನೆ ಒಂದೂ ಇಲ್ಲ ಎಂದು ತೋರಿಸಿದರೆ 10ರ ಸೊನ್ನೆಯ ಘಾತ ಏಕೆ 1 ಎಂಬುದೂ ಅಲ್ಲಿಯೇ ತಿಳಿಯುತ್ತದೆ.

ಹಾರಗಳು ಮತ್ತು ಅರ್ಧಿಸುವ ಉಪಾಯ

ಮಹಾವೀರಾಚಾರ್ಯರಿಗೆ ದೊಡ್ಡ ಸಂಖ್ಯೆಗಳ ಚೆಲುವು ಕಾಣುತ್ತಿತ್ತು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿ, ಗುಣಾಕಾರದ ಲೆಕ್ಕಗಳಾಗಿ ಕೊಟ್ಟಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 12345679ನ್ನು 9ರಿಂದ ಗುಣಿಸಿದರೆ 111111111. 142857143ನ್ನು 7ರಿಂದ ಗುಣಿಸಿದರೆ 1000000001. ಇವುಗಳಲ್ಲಿ ದೊಡ್ಡ ಹಾರ 27994681ನ್ನು 441ರಿಂದ ಗುಣಿಸಿದಾಗ ಬರುವ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಸ್ಥಾನದ ಹೆಸರುಗಳಲ್ಲಿ ಓದಿಸಿದರೆ ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ ಎಂದು ಮಕ್ಕಳು ತಡವರಿಸದೆ ಹೇಳುತ್ತಾರೆ. ಗುಣಾಕಾರದಲ್ಲಿ ಒಂದು ಅಂಕಿ ತಪ್ಪಿದರೂ ಹಾರ ಕಿತ್ತುಹೋಗುತ್ತದೆ. ಉತ್ತರ ಸರಿಯೋ ತಪ್ಪೋ ಎಂದು ಶಿಕ್ಷಕರನ್ನು ಕೇಳಬೇಕಾಗಿಲ್ಲ. ಇದಕ್ಕಿಂತ ಒಳ್ಳೆಯ ಅಭ್ಯಾಸ ಲೆಕ್ಕ ನನಗೆ ಸಿಕ್ಕಿಲ್ಲ.

ಗುಣೋತ್ತರ ಶ್ರೇಢಿಯ ಮೊತ್ತ ಕಂಡುಹಿಡಿಯಲು ಅವರು ಘಾತಾಂಕವನ್ನು ಅರ್ಧಿಸುತ್ತ ಹೋಗುವ ವಿಧಾನ ಕೊಟ್ಟಿದ್ದಾರೆ. ಛಂದಶ್ಶಾಸ್ತ್ರಜ್ಞ ಪಿಂಗಲರಿಂದ ಬಂದ ಉಪಾಯ ಇದು. ಚದುರಂಗದ ಮಣೆಯ ಹಳೆಯ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಬಹುದು. ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು, ಹೀಗೆ 64 ಮನೆ. ಮೊತ್ತಕ್ಕೆ 2ರ 64ನೆಯ ಘಾತ ಬೇಕು. 64 ಸಲ ಗುಣಿಸುವ ಅಗತ್ಯವಿಲ್ಲ. 64ರ ಅರ್ಧ 32, ಆಮೇಲೆ 16, 8, 4, 2, 1. ಆರು ಸಲ ಅರ್ಧವಾಯಿತು, ಆದ್ದರಿಂದ ಆರು ಸಲ ವರ್ಗ ಮಾಡಿದರೆ ಸಾಕು: 4, 16, 256, 65536, 4294967296, ಕೊನೆಗೆ 18446744073709551616. ಇದರಲ್ಲಿ ಒಂದು ಕಳೆದರೆ ಮಣೆಯ ಮೇಲಿನ ಒಟ್ಟು ಕಾಳು. ಇಪ್ಪತ್ತು ಅಂಕಿಗಳ ಈ ಸಂಖ್ಯೆ ಒಂದು ಮಹಾಶಂಖ ಎಂಟು ಶಂಖದಿಂದ ಆರಂಭವಾಗುತ್ತದೆ.

ಅವರಲ್ಲಿ ಒಂದು ಎಡವಟ್ಟೂ ಇದೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಅವರು ಬರೆದರು. ಸೊನ್ನೆಯನ್ನು ಕೂಡಿದರೆ, ಕಳೆದರೆ ಬದಲಾಗುವುದಿಲ್ಲ ಎಂಬುದು ಸರಿ; ಭಾಗಾಕಾರದಲ್ಲಿ ಅದು ಸಲ್ಲುವುದಿಲ್ಲ. ಇದನ್ನು ಮುಚ್ಚಿಡಬಾರದು. ನಮ್ಮವರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರು ಎಂದು ಹೊಗಳಿ ಮುಗಿಸಿದರೆ ಮಗು ಚಪ್ಪಾಳೆ ತಟ್ಟಿ ಮರೆಯುತ್ತದೆ. ಮಹಾಕ್ಷೋಭದವರೆಗೆ ಏರಿದ ಗುರು ಸೊನ್ನೆಯ ಬಳಿ ಎಡವಿದರು ಎಂದು ಹೇಳಿ, ಹತ್ತು ರೊಟ್ಟಿಯನ್ನು ಸೊನ್ನೆ ಜನರಿಗೆ ಹಂಚುವುದು ಹೇಗೆ ಎಂದು ಕೇಳಿದರೆ ಅದು ಯೋಚಿಸುತ್ತದೆ. ಅದೇ ಗ್ರಂಥದಲ್ಲಿ ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದವರೂ ಅವರೇ.

ಗ್ರಂಥದ ಬಾಳು

ಮಹಾವೀರಾಚಾರ್ಯರ ಗ್ರಂಥ ಅವರ ನಂತರ ದಕ್ಷಿಣದಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದರು. ವಲ್ಲಭ ಎಂಬವರು ಗಣಿತಸಾರಸಂಗ್ರಹಕ್ಕೆ ಕನ್ನಡದಲ್ಲಿ ಟೀಕೆ ಬರೆದರು. ಆಮೇಲೆ ಅದು ಓಲೆಗರಿಗಳಲ್ಲಿ, ಮಠಗಳ ಭಂಡಾರಗಳಲ್ಲಿ ಉಳಿಯಿತು. ಮದರಾಸಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅಚ್ಚು ಮಾಡಿಸಿದರು. ಅವರಿಗೆ ನೆರವಾದ ಪ್ರತಿಗಳಲ್ಲಿ ಮೂಡುಬಿದಿರೆಯ ಜೈನ ಮಠದ ಕನ್ನಡ ಲಿಪಿಯ ಓಲೆಗರಿಯೂ ಒಂದು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾಯಿತು. ಗ್ರಂಥಾಲಯದಲ್ಲಿ ಅದು ಸಿಕ್ಕರೆ ಪ್ರಶಿಕ್ಷಣಾರ್ಥಿಗಳು ಮೊದಲ ಅಧ್ಯಾಯವನ್ನಾದರೂ ಓದಬೇಕು.

ತರಗತಿಯಲ್ಲಿ

ಹೆಸರು, ಸ್ಥಾನ ತಿಳಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಆ ಸ್ಥಾನದಲ್ಲಿರುವುದು ಎಷ್ಟು ಎಂಬ ಅಂದಾಜು ಮನಸ್ಸಿಗೆ ಬರಬೇಕು. ಇದಕ್ಕೆ ನಾನು ನಾಲ್ಕು ಚಟುವಟಿಕೆ ಬಳಸಿದೆ.

ಮೊದಲನೆಯದು ಜೋಳ. ಮಕ್ಕಳು ಮನೆಯಿಂದ ತಂದ ಬಿಳಿಜೋಳವನ್ನು ಹತ್ತು ಗ್ರಾಂ ತೂಗಿ ಎಣಿಸಿದರು. ಗುಂಪು ಗುಂಪಿಗೆ ಸ್ವಲ್ಪ ಹೆಚ್ಚುಕಡಿಮೆಯಾಗಿ 300ರ ಆಸುಪಾಸು ಬಂತು. ಆ ಲೆಕ್ಕದಲ್ಲಿ ಕಿಲೋಗೆ 30 ಸಾವಿರ ಕಾಳು. ಒಂದು ಲಕ್ಷ ಕಾಳು ಮೂರು ಕಿಲೋ ಚಿಲ್ಲರೆ. ಒಂದು ಕೋಟಿ ಕಾಳು ಮೂರು ಚೀಲದ ಮೇಲೆ ಸ್ವಲ್ಪ. ಶತಕೋಟಿಗೆ 333 ಚೀಲ. ಚದುರಂಗದ ಮಣೆಯ ಕಾಳು ಅರವತ್ತು ಸಾವಿರ ಕೋಟಿ ಟನ್ ದಾಟುತ್ತದೆ. ಈಗ ಇಡೀ ಜಗತ್ತು ವರ್ಷಕ್ಕೆ ಬೆಳೆಯುವ ಏಕದಳ ಧಾನ್ಯ ಸುಮಾರು 280 ಕೋಟಿ ಟನ್. ಇನ್ನೂರು ವರ್ಷ ಬೆಳೆದರೂ ಆ ಮಣೆ ತುಂಬುವುದಿಲ್ಲ.

ಎರಡನೆಯದು ಸೆಕೆಂಡು. ಲಕ್ಷ ಸೆಕೆಂಡು ಎಂದರೆ ಒಂದು ದಿನದ ಮೇಲೆ ನಾಲ್ಕು ತಾಸಿಗೆ ಸ್ವಲ್ಪ ಕಡಿಮೆ. ಕೋಟಿ ಸೆಕೆಂಡು ಸುಮಾರು 116 ದಿನ. ಲಕ್ಷ ಕೋಟಿ ಸೆಕೆಂಡು ಸುಮಾರು 31,700 ವರ್ಷ. ಲಕ್ಷ, ಕೋಟಿ, ಲಕ್ಷ ಕೋಟಿ ಎಂಬ ಮೂರು ಮಾತುಗಳು ಕಿವಿಗೆ ಅಕ್ಕಪಕ್ಕದವೇ. ರಾಜ್ಯದ ಮುಂಗಡಪತ್ರ ಈಗ 4 ಲಕ್ಷ ಕೋಟಿ ರೂಪಾಯಿ ದಾಟಿದೆ, ಅಂದರೆ ಮಹಾವೀರಾಚಾರ್ಯರ ಏಣಿಯಲ್ಲಿ ನಾಲ್ಕು ಖರ್ವ. ಸುದ್ದಿಯಲ್ಲಿ ಅದನ್ನು ಕೇಳಿದಾಗ ಕೋಟಿಗೂ ಲಕ್ಷ ಕೋಟಿಗೂ ನಡುವಿನ ದೂರ ತಿಳಿದಿರಬೇಕು. ಆಚಾರ್ಯರ ಕಾಲದಿಂದ ಇವತ್ತಿನವರೆಗೆ ಕಳೆದ ಸೆಕೆಂಡುಗಳು ನಾಲ್ಕು ಅರ್ಬುದಕ್ಕಿಂತ ಕಡಿಮೆ. ವಿಜ್ಞಾನಿಗಳು ಹೇಳುವಂತೆ ವಿಶ್ವದ ವಯಸ್ಸು 1,380 ಕೋಟಿ ವರ್ಷ. ಸೆಕೆಂಡುಗಳಲ್ಲಿ ಅದು ನಾಲ್ಕು ಮಹಾಕ್ಷೋಣಿ ಚಿಲ್ಲರೆ. ಅವರ ಏಣಿಯಲ್ಲಿ ಅದಕ್ಕೂ ಮೇಲೆ ಆರು ಮೆಟ್ಟಿಲು ಉಳಿದಿವೆ.

ಮೂರನೆಯದು ನೀರು. 18 ಗ್ರಾಂ ನೀರಿನಲ್ಲಿ, ಅಂದರೆ ಒಂದು ಗುಟುಕಿನಲ್ಲಿ, ಇರುವ ಅಣುಗಳ ಸಂಖ್ಯೆ 6.022 ಗುಣಿಸು 10ರ 23ನೆಯ ಘಾತ. ಇದು ಅವೊಗಾಡ್ರೊ ಸಂಖ್ಯೆ. ಪದವಿ ತರಗತಿಯಲ್ಲಿ ಇದನ್ನು ನೂರಾರು ಸಲ ಬರೆದಿದ್ದೇನೆ. ಅದು ಆರು ಮಹಾಕ್ಷೋಭ ಎಂದು ಹೊಳೆದದ್ದು ಈ ಪಾಠ ಸಿದ್ಧಪಡಿಸುವಾಗ. ಅಣುಗಳನ್ನು ಎಣಿಸಬೇಕೆಂದು ಮಹಾವೀರಾಚಾರ್ಯರು ಆ ಹೆಸರು ಇಟ್ಟವರಲ್ಲ. ಎಣಿಸಬೇಕಾದದ್ದು ಮುಂದೆ ಬರಬಹುದು, ಅದಕ್ಕೆ ಸ್ಥಾನ ಸಿದ್ಧವಿರಲಿ ಎಂಬಂತೆ ಏಣಿಯನ್ನು ಕಟ್ಟಿಟ್ಟರು. ಮಹಾಕ್ಷೋಭದ ಮೇಲೆ ಏನು ಎಂದು ಮಕ್ಕಳು ಕೇಳಿದಾಗ ನೀವೇ ಹೆಸರಿಡಿ ಎಂದೆ. ಒಂದು ಗುಂಪು 10ರ 24ನೆಯ ಘಾತಕ್ಕೆ ಮಲಪ್ರಭೆ, 25ನೆಯದಕ್ಕೆ ಮಹಾಮಲಪ್ರಭೆ ಎಂದು ಹೆಸರಿಟ್ಟಿತು. ಏಣಿಯ ನಿಯಮ ಅವರಿಗೆ ತಿಳಿದಿದೆ ಎಂಬುದಕ್ಕೆ ನನಗೆ ಬೇರೆ ಮೌಲ್ಯಮಾಪನ ಬೇಕಾಗಲಿಲ್ಲ.

ನಾಲ್ಕನೆಯದು ಟಿಎಂಸಿ. ನರಗುಂದ, ರೋಣ ಭಾಗದಲ್ಲಿ ಈ ಮಾತು ಕೇಳದ ಮಗು ಇಲ್ಲ. ಕಳಸಾ ಬಂಡೂರಿ ಹೋರಾಟ ಮನೆಮನೆಯ ಮಾತು. ಮಲಪ್ರಭೆಗೆ ತಿರುಗಿಸಲು ರಾಜ್ಯ ಕೇಳಿದ್ದು 7.56 ಟಿಎಂಸಿ, 2018ರ ನ್ಯಾಯಮಂಡಳಿ ತೀರ್ಪಿನಲ್ಲಿ ಅದಕ್ಕೆ ಸಿಕ್ಕಿದ್ದು 3.90 ಎಂಬುದನ್ನು ದೊಡ್ಡವರು ಬಾಯಿಪಾಠವಾಗಿ ಹೇಳುತ್ತಾರೆ. ಒಂದು ಟಿಎಂಸಿ ಎಂದರೆ ಎಷ್ಟು ನೀರು ಎಂದು ಕೇಳಿದರೆ ತರಗತಿ ಸುಮ್ಮನಾಯಿತು. ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ. ಮಿಲಿಯನ್ ಅಂದರೆ ದಶಲಕ್ಷ. ಸಾವಿರ ದಶಲಕ್ಷ ಅಂದರೆ ಶತಕೋಟಿ. ಏಣಿಯ ಹತ್ತನೆಯ ಮೆಟ್ಟಿಲು. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಆದ್ದರಿಂದ ಒಂದು ಟಿಎಂಸಿ ಸುಮಾರು 2,830 ಕೋಟಿ ಲೀಟರ್. 15 ಲೀಟರಿನ ಕೊಡದಲ್ಲಿ ತುಂಬಿದರೆ ಸುಮಾರು 189 ಕೋಟಿ ಕೊಡ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ವ್ಯತ್ಯಾಸ 3.66 ಟಿಎಂಸಿಯನ್ನು ಮಕ್ಕಳೇ ಕೊಡಗಳಿಗೆ ತಿರುಗಿಸಿದರು. ಸುಮಾರು 690 ಕೋಟಿ ಕೊಡ ಬಂತು. ದಶಮಾಂಶದ ಬಿಂದುವಿನ ಆಚೆ ಈಚೆ ಇರುವ ಮೂರು ಅಂಕಿಗಳಲ್ಲಿ ಅಷ್ಟು ನೀರಿದೆ ಎಂದು ತಿಳಿದಾಗ ತರಗತಿಯಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೀರಿನ ವಾದದಲ್ಲಿ ಯಾರು ಸರಿ ಎಂಬುದು ಗಣಿತದ ಪಾಠದ ಕೆಲಸವಲ್ಲ. ವಾದ ಎಷ್ಟು ನೀರಿನ ಬಗ್ಗೆ ಎಂದು ತಿಳಿಸುವುದು ನಮ್ಮ ಕೆಲಸ.

ಮುಂದೆ ಈ ಘಟಕ ಕಲಿಸುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟು. ಸೂರ್ಯ ನಕ್ಷತ್ರಗಳ ದೂರಕ್ಕೆ ಹೋಗುವ ಮೊದಲು ಊರಿನಲ್ಲಿ ಓಡಾಡುತ್ತಿರುವ ದೊಡ್ಡ ಸಂಖ್ಯೆ ಯಾವುದು ಎಂದು ಹುಡುಕಿ. ನಮ್ಮ ಕಡೆ ಅದು ನೀರಿನದಾಗಿತ್ತು. ನಿಮ್ಮ ಶಾಲೆಯ ಊರಿನಲ್ಲಿ ಬೆಳೆ ವಿಮೆಯದೋ ರಸ್ತೆಯ ಟೆಂಡರಿನದೋ ಇರಬಹುದು. ಅದನ್ನು ಏಣಿಯ ಮೇಲೆ ಅದರ ಸ್ಥಾನದಲ್ಲಿ ಇಡಿಸಿ, ಆಮೇಲೆ ಮಕ್ಕಳ ಕೈಗೆ ಸಿಗುವ ಅಳತೆಗೆ ಇಳಿಸಿ. ಮಹಾವೀರಾಚಾರ್ಯರ ಗ್ರಂಥದಲ್ಲಿಯೂ ಕ್ರಮ ಅದೇ: ಮೊದಲು ಸಂಜ್ಞಾ ಅಧ್ಯಾಯದಲ್ಲಿ ಹೆಸರು ಮತ್ತು ಸ್ಥಾನ, ಆಮೇಲೆ ಬಡ್ಡಿ, ಬಂಗಾರ, ಹೊಂಡ, ನೆರಳಿನ ಲೆಕ್ಕಗಳು.